ಹಾರದಿರುವ ಪಾಠ

ಸೈನ್ಯದಿಂದ ನಿವೃತ್ತರಾಗಿ ಶಿಕ್ಷಕರಾದವರನ್ನು ಕುರಿತ ನಮ್ಮ ಸಂವಾದ ಪ್ರಸಾರವಾದ ವಾರದಲ್ಲಿ ದೊಡ್ಡಬಳ್ಳಾಪುರದ ಕಡೆಯ ಶಾಲಾ ಶಿಕ್ಷಕಿಯೊಬ್ಬರಿಂದ ಒಂದು ಪತ್ರ ಬಂದಿತು. "ಯುದ್ಧಕ್ಕೆಂದು ವಿದ್ಯೆ ಕಲಿತವರು ಶಾಂತಿಕಾಲದ ಮಕ್ಕಳಿಗೆ ಏನನ್ನು ಕಲಿಸುತ್ತಾರೆ? ಶಿಸ್ತನ್ನು ಎಂದು ಎಲ್ಲರೂ ಹೇಳುತ್ತಾರೆ. ಅದನ್ನು ಬಿಟ್ಟು ಬೇರೇನು?" ಎಂದು ಅವರು ಕೇಳಿದ್ದರು. ಅರ್ಧ ಗಂಟೆಯ ಸಂವಾದದಲ್ಲಿ ಇದಕ್ಕೆ ಸರಿಯಾದ ಉತ್ತರ ಬಂದಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಬಾನುಲಿ, ದೂರದರ್ಶನಗಳಲ್ಲಿ ಮಾತು ಮುಗಿಯುವುದು ಗಡಿಯಾರ ನೋಡಿ; ವಿಷಯ ಮುಗಿಯಿತೆಂದಲ್ಲ. ಉಳಿದ ಮಾತನ್ನು ಇಲ್ಲಿ ಪೂರ್ತಿಮಾಡುವ ಪ್ರಯತ್ನ ಮಾಡುತ್ತೇನೆ.

ಉತ್ತರ ನನಗೆ ಹೊಳೆದದ್ದು ಸ್ಟುಡಿಯೋದಲ್ಲಲ್ಲ, ಜಕ್ಕೂರಿನ ವಿಮಾನ ಮೈದಾನದಲ್ಲಿ. ಕೆಲವು ವರ್ಷಗಳ ಹಿಂದೆ, ಒಂದು ಏಪ್ರಿಲ್ ಮಧ್ಯಾಹ್ನ, ವಿದ್ಯಾರ್ಥಿಯೊಬ್ಬ ವಿಮಾನವನ್ನು ಮೇಲೇರಿಸಿ ಇಳಿಸುವ ದೃಶ್ಯವನ್ನು ಚಿತ್ರೀಕರಿಸಲು ಕ್ಯಾಮೆರಾ ತಂಡದೊಡನೆ ಹೋಗಿದ್ದೆ. ಬಿಸಿಲು ಚೆನ್ನಾಗಿತ್ತು. ವಿದ್ಯಾರ್ಥಿ ಸಿದ್ಧನಾಗಿದ್ದ. ಅವನ ಶಿಕ್ಷಕರು ವಾಯುಪಡೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಸಾಗಣೆ ವಿಮಾನಗಳನ್ನು ಹಾರಿಸಿ ನಿವೃತ್ತರಾದ ವಿಂಗ್ ಕಮಾಂಡರ್. ತಮ್ಮ ಹೆಸರು ಎಲ್ಲಿಯೂ ಬರಬಾರದೆಂದು ಕೇಳಿಕೊಂಡಿದ್ದರಿಂದ ಇಲ್ಲಿಯೂ ಹೆಸರಿಲ್ಲದೆ ಬರೆಯುತ್ತಿದ್ದೇನೆ. ಅವರು ಗಾಳಿಚೀಲವನ್ನು ನೋಡಿದರು, ಪಶ್ಚಿಮದ ಕಡೆ ಹೂಕೋಸಿನಂತೆ ಉಬ್ಬುತ್ತಿದ್ದ ಒಂದು ಮೋಡವನ್ನು ನೋಡಿದರು, ಕೈಗಡಿಯಾರವನ್ನು ನೋಡಿದರು. ಆಮೇಲೆ "ಇವತ್ತು ಬೇಡ" ಎಂದರು.

ನಾವು ಒಂದೂವರೆ ಗಂಟೆ ಕಾದೆವು. ಮಳೆ ಬರಲಿಲ್ಲ. ಬಿರುಗಾಳಿಯೂ ಬೀಸಲಿಲ್ಲ. ಮೋಡ ಬೇರೆ ಕಡೆಗೆ ಸರಿದುಹೋಯಿತು. ಬೆಳಕು ಇಳಿಯಿತು, ಚಿತ್ರೀಕರಣ ಕೆಟ್ಟಿತು. ಹೊರಡುವಾಗ ನಾನು ಸ್ವಲ್ಪ ಬೇಸರದಿಂದಲೇ, "ಸರ್, ಕೊನೆಗೂ ಏನೂ ಆಗಲಿಲ್ಲವಲ್ಲ" ಎಂದೆ. ಅವರು ನನ್ನ ಕಡೆ ತಿರುಗಲಿಲ್ಲ, ವಿದ್ಯಾರ್ಥಿಯ ಕಡೆ ತಿರುಗಿ, "ಕೇಳಿದೆಯಾ? ನಿನಗೂ ಜೀವನಪೂರ್ತಿ ಹೀಗೆಯೇ ಹೇಳುತ್ತಾರೆ. ಮಳೆ ಬರಲಿಲ್ಲ ಎಂದ ಮಾತ್ರಕ್ಕೆ ನಾವು ಹಾರದೆ ನಿಂತದ್ದು ತಪ್ಪಾಗುವುದಿಲ್ಲ. ಒಂದು ಗಂಟೆಯ ಹಿಂದೆ ನಮಗೆ ಗೊತ್ತಿದ್ದದ್ದು ಏನು, ಅದನ್ನು ಮಾತ್ರ ನೋಡು" ಎಂದರು. ಅಂದು ನಮಗೆ ಸಿಗದೆ ಹೋದ ದೃಶ್ಯಕ್ಕಿಂತ ಆ ಮಾತೇ ಹೆಚ್ಚು ಬೆಲೆಯುಳ್ಳದ್ದೆಂದು ನನಗೆ ಅರ್ಥವಾಗಲು ಕೆಲವು ದಿನ ಬೇಕಾದವು.

ಹವಾಮಾನ ವಿಜ್ಞಾನದ ಚರಿತ್ರೆಯನ್ನು ತೆರೆದರೆ ಮೊದಲ ಪುಟಗಳಲ್ಲಿಯೇ ಇದೇ ಮಾತಿನ ದೊಡ್ಡ ರೂಪವೊಂದು ಕಾಣುತ್ತದೆ. ಅಲ್ಲಿಯೂ ಕಥಾನಾಯಕ ಒಬ್ಬ ನಿವೃತ್ತ ಯೋಧನೇ.

ಬೀಗಲ್ ಹಡಗಿನ ಕಪ್ತಾನ

ರಾಬರ್ಟ್ ಫಿಟ್ಜ್‌ರಾಯ್ ಎಂಬ ಹೆಸರು ನಮ್ಮ ವಿಜ್ಞಾನ ವಿದ್ಯಾರ್ಥಿಗಳಿಗೆ ಡಾರ್ವಿನ್ನನ ಕಥೆಯಿಂದ ಪರಿಚಿತ. 1831ರಿಂದ 1836ರವರೆಗೆ ಡಾರ್ವಿನ್ನನನ್ನು ಲೋಕ ಸುತ್ತಿಸಿದ ಬೀಗಲ್ ಹಡಗಿನ ಕಪ್ತಾನ ಈತ. ಬ್ರಿಟಿಷ್ ನೌಕಾಪಡೆಯ ಅಧಿಕಾರಿ. ಅನಾರೋಗ್ಯದಿಂದ 1850ರಲ್ಲಿ ಸಕ್ರಿಯ ಸೇವೆಯನ್ನು ಬಿಟ್ಟ ಈತನಿಗೆ 1854ರಲ್ಲಿ ಎರಡನೆಯ ವೃತ್ತಿಯೊಂದು ದೊರೆಯಿತು. ಸಮುದ್ರದ ಹವೆಯ ಅಂಕಿಅಂಶಗಳನ್ನು ಸಂಗ್ರಹಿಸುವ ಒಂದು ಸಣ್ಣ ಸರ್ಕಾರಿ ಕಚೇರಿಯ ಮುಖ್ಯಸ್ಥನ ಕೆಲಸ ಅದು. ಇಂದಿನ ಬ್ರಿಟಿಷ್ ಹವಾಮಾನ ಇಲಾಖೆಯ ಮೂಲ ಅದೇ.

ಅಂಕಿಗಳನ್ನು ಕೂಡಿಹಾಕುವುದಷ್ಟೇ ಫಿಟ್ಜ್‌ರಾಯ್‌ಗೆ ವಹಿಸಿದ್ದ ಕೆಲಸ. 1859ರ ಅಕ್ಟೋಬರ್ 25ರ ರಾತ್ರಿ ಎದ್ದ ಬಿರುಗಾಳಿಯಲ್ಲಿ 'ರಾಯಲ್ ಚಾರ್ಟರ್' ಎಂಬ ಹಡಗು ವೇಲ್ಸ್ ಕರಾವಳಿಯ ಬಂಡೆಗಳಿಗೆ ಬಡಿದು ಸುಮಾರು 450 ಮಂದಿ ಸತ್ತರು. ಬಿರುಗಾಳಿ ಬರುತ್ತಿರುವುದು ಮೊದಲೇ ತಿಳಿಯುವಂತಿದ್ದರೆ ಈ ಜೀವಗಳು ಉಳಿಯುತ್ತಿದ್ದವು ಎಂಬುದು ಆತನ ವಾದವಾಯಿತು. ಆ ವೇಳೆಗೆ ಟೆಲಿಗ್ರಾಫ್ ತಂತಿ ಊರೂರಿಗೆ ಬಂದಿತ್ತು. ಬೇರೆ ಬೇರೆ ಬಂದರುಗಳ ವಾಯುಭಾರವನ್ನು ತಂತಿಯ ಮೂಲಕ ತರಿಸಿಕೊಂಡು, ಗಾಳಿಯ ಚಲನೆಯನ್ನು ಊಹಿಸಿ, 1861ರ ಫೆಬ್ರವರಿಯಿಂದ ಬಂದರುಗಳಿಗೆ ಎಚ್ಚರಿಕೆ ಕಳುಹಿಸಲಾರಂಭಿಸಿದ. ಅದೇ ವರ್ಷ ಆಗಸ್ಟ್ 1ರಂದು ಲಂಡನ್ನಿನ 'ಟೈಮ್ಸ್' ಪತ್ರಿಕೆಯಲ್ಲಿ ಸಾರ್ವಜನಿಕರಿಗಾಗಿ ಮೊದಲ ಹವಾಮಾನ ಮುನ್ಸೂಚನೆ ಅಚ್ಚಾಯಿತು. ಜ್ಯೋತಿಷ್ಯವೂ ಅಲ್ಲದ, ಭವಿಷ್ಯವಾಣಿಯೂ ಅಲ್ಲದ ಈ ಕೆಲಸಕ್ಕೆ 'ಫೋರ್‌ಕಾಸ್ಟ್' ಎಂಬ ಹೆಸರನ್ನು ಬಳಕೆಗೆ ತಂದವನೂ ಆತನೇ. ಮೀನುಗಾರರ ಹಳ್ಳಿಗಳಲ್ಲಿ ವಾಯುಭಾರಮಾಪಕಗಳನ್ನು ಇರಿಸಿ, ಅದರ ಪಾದರಸ ಇಳಿದರೆ ಏನೆಂದು ತಿಳಿಯಬೇಕು ಎಂಬುದನ್ನು ಸರಳ ಭಾಷೆಯಲ್ಲಿ ಬರೆದು ಹಂಚಿದ. ನೌಕಾಪಡೆಯ ಅಧಿಕಾರಿ ಮೀನುಗಾರರ ಮೇಷ್ಟ್ರಾಗಿದ್ದ.

ಆದರೆ ಎಚ್ಚರಿಕೆ ಕೊಟ್ಟ ದಿನ ಬಿರುಗಾಳಿ ಬಾರದೆ ಹೋದರೆ? ಬಂದರಿನಲ್ಲೇ ನಿಂತ ದೋಣಿಗೆ ಒಂದು ದಿನದ ಮೀನು ನಷ್ಟ. ದೋಣಿಯ ಒಡೆಯನಿಗೆ ಸಿಟ್ಟು. ಪತ್ರಿಕೆಗಳು ಹಾಸ್ಯ ಮಾಡಿದವು, ವಿಜ್ಞಾನಿಗಳು ಇದಕ್ಕೆ ಸಿದ್ಧಾಂತದ ಬಲವಿಲ್ಲ ಎಂದರು. ಖಾಯಿಲೆ, ಸಾಲ, ನಿಂದೆಗಳಿಂದ ಕುಗ್ಗಿದ ಫಿಟ್ಜ್‌ರಾಯ್ 1865ರ ಏಪ್ರಿಲ್ 30ರಂದು ಆತ್ಮಹತ್ಯೆ ಮಾಡಿಕೊಂಡ. ಮರುವರ್ಷದ ಕೊನೆಯಲ್ಲಿ ಬಿರುಗಾಳಿ ಎಚ್ಚರಿಕೆಗಳನ್ನೇ ನಿಲ್ಲಿಸಲಾಯಿತು. ಆಗ ಅವು ಮತ್ತೆ ಬೇಕೆಂದು ಒತ್ತಾಯ ಮಾಡಿದವರು ಕಡಲಿಗೆ ಇಳಿಯುವ ಜನರೇ. 1867ರಲ್ಲಿ ಎಚ್ಚರಿಕೆಗಳು ಮತ್ತೆ ಆರಂಭವಾದವು. 2002ರಲ್ಲಿ ಬ್ರಿಟನ್ನಿನ ನೌಕಾ ಹವಾಮಾನ ವರದಿಯ ಒಂದು ಸಮುದ್ರ ವಲಯಕ್ಕೆ ಆತನ ಹೆಸರನ್ನು ಇಡಲಾಯಿತು.

ಜಕ್ಕೂರಿನಲ್ಲಿ ನಾನು ಆಡಿದ ಮಾತು, "ಕೊನೆಗೂ ಏನೂ ಆಗಲಿಲ್ಲವಲ್ಲ" ಎಂಬುದು, ಅಂದು ಫಿಟ್ಜ್‌ರಾಯ್‌ಗೆ ಇಡೀ ಒಂದು ದೇಶ ಆಡಿದ ಮಾತಾಗಿತ್ತು.

ರಣರಂಗ ಮತ್ತು ಹವೆ

ಹವಾಮಾನ ವಿಜ್ಞಾನವೂ ವಿಮಾನ ವಿದ್ಯೆಯೂ ಯುದ್ಧದ ನೆರಳಿನಲ್ಲಿಯೇ ಬೆಳೆದವು. ಮೊದಲ ಮಹಾಯುದ್ಧದ ಕೊನೆಯ ದಿನಗಳಲ್ಲಿ ನಾರ್ವೆಯ ಬರ್ಗನ್ ನಗರದಲ್ಲಿ ವಿಲ್‌ಹೆಲ್ಮ್ ಬ್ಯರ್ಕ್‌ನೆಸ್ ಮತ್ತು ಅವರ ಸಂಗಡಿಗರು ಬಿಸಿಗಾಳಿಯ ರಾಶಿಯೂ ತಣ್ಣನೆಯ ಗಾಳಿಯ ರಾಶಿಯೂ ಎದುರಾಗುವ ಗೆರೆಯನ್ನು ಗುರುತಿಸಿದರು. ಅದಕ್ಕೆ ಅವರು ಇಟ್ಟ ಹೆಸರು 'ಫ್ರಂಟ್'. ಎರಡು ಸೈನ್ಯಗಳು ಮುಖಾಮುಖಿಯಾಗುವ ಮುಂಚೂಣಿಗೆ ಇದ್ದ ಪದವನ್ನೇ ಆಕಾಶಕ್ಕೆ ಏರಿಸಿದ್ದರು.

ಎರಡನೆಯ ಮಹಾಯುದ್ಧದಲ್ಲಿ ಒಬ್ಬ ಹವಾಮಾನ ತಜ್ಞನ "ಇವತ್ತು ಬೇಡ" ಎಂಬ ಮಾತಿಗೆ ದೊಡ್ಡ ಬೆಲೆ ಬಂದಿತು. ಫ್ರಾನ್ಸಿನ ನಾರ್ಮಂಡಿ ತೀರಕ್ಕೆ ಮಿತ್ರಸೈನ್ಯ ಇಳಿಯಬೇಕಾಗಿದ್ದದ್ದು 1944ರ ಜೂನ್ 5ರಂದು. ಗ್ರೂಪ್ ಕ್ಯಾಪ್ಟನ್ ಜೇಮ್ಸ್ ಸ್ಟ್ಯಾಗ್ ನೇತೃತ್ವದ ಹವಾಮಾನ ತಂಡ ಅಂದು ಗಾಳಿ ಮತ್ತು ಮೋಡ ಅನುಕೂಲವಾಗಿರುವುದಿಲ್ಲ ಎಂದು ಹೇಳಿದ್ದರಿಂದ ಜನರಲ್ ಐಸೆನ್‌ಹೋವರ್ ದಂಡಯಾತ್ರೆಯನ್ನು ಒಂದು ದಿನ ಮುಂದೂಡಿದರು. ಲಕ್ಷಾಂತರ ಸೈನಿಕರು, ಸಾವಿರಾರು ಹಡಗುಗಳು ಸಿದ್ಧವಾಗಿ ನಿಂತಿರುವಾಗ ಬೇಡ ಎನ್ನುವುದು ಸುಲಭದ ಕೆಲಸವಾಗಿರಲಿಲ್ಲ.

ಯುದ್ಧ ಮುಗಿದ ಮೇಲೆ ಅದೇ ವಿಮಾನಗಳಿಗೂ ಅದೇ ಚಾಲಕರಿಗೂ ಬೇರೆ ಕೆಲಸ ದೊರೆಯಿತು. 1946ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿಯೂ 1947ರಲ್ಲಿ ಒಹಾಯೋದಲ್ಲಿಯೂ ಹೊರೇಸ್ ಬೈಯರ್ಸ್ ಎಂಬ ಹವಾಮಾನ ವಿಜ್ಞಾನಿಯ ನೇತೃತ್ವದಲ್ಲಿ ಗುಡುಗುಮಳೆಯ ಅಧ್ಯಯನ ನಡೆಯಿತು. ಶತ್ರು ವಿಮಾನಗಳನ್ನು ರಾತ್ರಿ ಬೇಟೆಯಾಡಲು ತಯಾರಾಗಿದ್ದ 'ಬ್ಲ್ಯಾಕ್ ವಿಡೋ' ವಿಮಾನಗಳನ್ನು ಸೇನೆಯ ಚಾಲಕರು ಬೇಕೆಂದೇ ಗುಡುಗುಮೋಡಗಳ ಒಳಗೆ ನುಗ್ಗಿಸಿ, ಒಂದೇ ಮೋಡವನ್ನು ಬೇರೆ ಬೇರೆ ಎತ್ತರಗಳಲ್ಲಿ ಹಾದು ಬಂದರು. ಗುಡುಗುಮೋಡಕ್ಕೆ ಬೆಳೆಯುವ, ಬಲಿತ, ಕರಗುವ ಎಂಬ ಮೂರು ಅವಸ್ಥೆಗಳಿವೆ ಎಂದು ಇಂದು ಪ್ರತಿಯೊಬ್ಬ ವಿಮಾನ ವಿದ್ಯಾರ್ಥಿಯೂ ಓದುವ ಪಾಠ ಹುಟ್ಟಿದ್ದು ಹೀಗೆ.

1944ರ ಯಲಹಂಕ

ಈ ಲೋಕಚರಿತ್ರೆಯ ಒಂದು ಎಳೆ ನಮ್ಮ ಬೆಂಗಳೂರಿನ ಉತ್ತರ ಭಾಗದಲ್ಲಿಯೂ ಹಾದುಹೋಗಿದೆ. ನಾರ್ಮಂಡಿಯ ದಂಡಯಾತ್ರೆ ನಡೆದ 1944ರಲ್ಲಿಯೇ ಯಲಹಂಕದ ವಿಮಾನ ಮೈದಾನ ಒಂದು ದೊಡ್ಡ ಪಾಠಶಾಲೆಯಾಗಿತ್ತು. ಬರ್ಮಾ ರಣರಂಗದಲ್ಲಿ ಹರಿಕೇನ್ ವಿಮಾನಗಳನ್ನು ಹಾರಿಸುತ್ತಿದ್ದ ಬ್ರಿಟಿಷ್ ವಾಯುಪಡೆಯ ಚಾಲಕರು ಅಮೆರಿಕದ ಥಂಡರ್‌ಬೋಲ್ಟ್ ವಿಮಾನಗಳ ಅಭ್ಯಾಸ ಮಾಡಿದ್ದು ಇಲ್ಲಿ. ಮಾಸ್ಕಿಟೋ ಎಂಬ ಅವಳಿ ಎಂಜಿನ್ನಿನ ವಿಮಾನಕ್ಕೂ ಇಲ್ಲೊಂದು ತರಬೇತಿ ಘಟಕವಿತ್ತು.

ಮಾಸ್ಕಿಟೋವಿನ ಕಥೆಯನ್ನು ಹವಾಮಾನದ ಪಾಠಕ್ಕೆ ಉದಾಹರಣೆಯಾಗಿ ಹೇಳಬಹುದು. ಅದು ಮರದ ವಿಮಾನ. ಬಾಲ್ಸಾ ಮತ್ತು ಬರ್ಚ್ ಮರದ ಹಲಗೆಗಳನ್ನು ಅಂಟಿನಿಂದ ಕೂಡಿಸಿ ಮಾಡಿದ್ದು. ಇಂಗ್ಲೆಂಡಿನಲ್ಲಿ ಅದರ ವೇಗಕ್ಕೆ ಸಾಟಿ ಇರಲಿಲ್ಲ. ಭಾರತಕ್ಕೆ ಬಂದ ಮೇಲೆ 1944ರಲ್ಲಿ ಕೆಲವು ಮಾಸ್ಕಿಟೋಗಳ ರೆಕ್ಕೆಗಳು ಹಾರಾಟದಲ್ಲಿಯೇ ಕಿತ್ತುಬಂದವು. ಆ ನವೆಂಬರಿನಲ್ಲಿ ಇಲ್ಲಿನ ಮಾಸ್ಕಿಟೋಗಳನ್ನೆಲ್ಲ ಪರೀಕ್ಷೆಗಾಗಿ ನೆಲದಲ್ಲಿ ನಿಲ್ಲಿಸಲಾಯಿತು. ಮಳೆಗಾಲದ ತೇವಕ್ಕೂ ಆಮೇಲಿನ ಬಿಸಿಲಿಗೂ ಮರ ಹಿಗ್ಗಿ ಕುಗ್ಗಿದ್ದು ಕಾರಣವೇ, ಕಾರ್ಖಾನೆಯ ಜೋಡಣೆಯ ದೋಷ ಕಾರಣವೇ ಎಂಬ ಬಗ್ಗೆ ತನಿಖೆ ನಡೆಸಿದವರಲ್ಲಿಯೇ ಒಮ್ಮತವಿರಲಿಲ್ಲ. ನಮ್ಮ ರೈತನಿಗೆ ಇದು ಹೊಸ ವಿಷಯವಲ್ಲ. ಮಳೆಗಾಲದಲ್ಲಿ ಬಾಗಿಲು ಚೌಕಟ್ಟಿಗೆ ಬಿಗಿಯಾಗುವುದನ್ನೂ ಬೇಸಿಗೆಯಲ್ಲಿ ಗಾಡಿಯ ಚಕ್ರ ಸಡಿಲವಾಗುವುದನ್ನೂ ಅವನು ನೋಡಿಯೇ ಇರುತ್ತಾನೆ. ಒಂದು ದೇಶದ ಹವೆಗೆ ಸರಿಹೋದದ್ದು ಇನ್ನೊಂದು ದೇಶದ ಹವೆಗೆ ಸರಿಹೋದೀತೆಂದು ನಂಬುವಂತಿಲ್ಲ ಎಂಬುದನ್ನು ಆ ಚಾಲಕರು ಇಲ್ಲಿ ಪ್ರಾಣಭಯದೊಡನೆ ಕಲಿತರು.

ಸಮವಸ್ತ್ರ ಕಳಚಿದ ಮೇಲೆ

ಸ್ವಾತಂತ್ರ್ಯ ಬಂದ ಮೇಲೆ ಬೆಂಗಳೂರಿನ ಉತ್ತರ ಭಾಗ ವಾಯುಪಡೆಯ ಪಾಠಶಾಲೆಯಾಗಿಯೇ ಮುಂದುವರಿಯಿತು. ಯಶವಂತಪುರದಾಚೆಯ ಜಾಲಹಳ್ಳಿಯಲ್ಲಿ ವಾಯುಪಡೆಯ ತಾಂತ್ರಿಕ ಕಾಲೇಜು 1949ರಲ್ಲಿ ಆರಂಭವಾಯಿತು. ಅದೇ ವರ್ಷ ರೂಪುಗೊಂಡ ವಾಯುಪಡೆಯ ತರಬೇತಿ ಕಮಾಂಡಿಗೆ ಹೆಬ್ಬಾಳ ಕೇಂದ್ರಸ್ಥಾನವಾಯಿತು. 1963ರಿಂದ ಯಲಹಂಕ ನೆಲೆಯಲ್ಲಿ ಸಾಗಣೆ ವಿಮಾನಗಳ ಚಾಲಕರಿಗೆ ತರಬೇತಿ ನಡೆಯತೊಡಗಿತು. 1996ರ ಡಿಸೆಂಬರಿನಿಂದ ಇದೇ ಯಲಹಂಕದಲ್ಲಿ ನಡೆಯುತ್ತ ಬಂದಿರುವ ವೈಮಾನಿಕ ಪ್ರದರ್ಶನಕ್ಕೆ ಜನ ಕಿಕ್ಕಿರಿದು ಸೇರುತ್ತಾರೆ. ವರ್ಷವಿಡೀ ನಡೆಯುವ ಪಾಠವನ್ನು ನೋಡಲು ಯಾರೂ ಬರುವುದಿಲ್ಲ.

ನಾಗರಿಕರಿಗೆ ಬಾಗಿಲು ತೆರೆದದ್ದು ಜಕ್ಕೂರು. ಜಯಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1948ರಲ್ಲಿ, ಇಲ್ಲಿ ಸರ್ಕಾರಿ ವಿಮಾನ ಚಾಲನಾ ತರಬೇತಿ ಶಾಲೆ ಹುಟ್ಟಿತು. ಆಗಿನ್ನೂ ಸುತ್ತ ಹೊಲ, ಕೆರೆ, ದ್ರಾಕ್ಷಿ ತೋಟ. ಹಳ್ಳಿಯ ಹುಡುಗರು ಬೇಲಿಯ ಆಚೆ ನಿಂತು ವಿಮಾನ ಏರುವುದನ್ನು ನೋಡುತ್ತಿದ್ದರು. ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಡಾ. ವಿ.ಎಂ. ಘಾಟಗೆಯವರ ನೇತೃತ್ವದಲ್ಲಿ ತಯಾರಾದ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಮೊದಲು ಹಾರಿತು. 1958ರಲ್ಲಿ ಪುಷ್ಪಕ ಎಂಬ ಎರಡು ಆಸನಗಳ ಪುಟ್ಟ ವಿಮಾನ ಹಾರಿತು. ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಒಂದು ತಲೆಮಾರಿನ ಚಾಲಕರು ಮೊದಲ ಅಕ್ಷರ ತಿದ್ದಿದ್ದು ಪುಷ್ಪಕದಲ್ಲಿ.

ಕಾಲೇಜು ಹುಡುಗ ಹುಡುಗಿಯರಿಗೆ ಎನ್‌ಸಿಸಿ ಇನ್ನೊಂದು ದಾರಿ. 1948ರ ಕಾಯಿದೆಯಿಂದ ಹುಟ್ಟಿದ ಎನ್‌ಸಿಸಿಗೆ 1950ರಲ್ಲಿ ವಾಯುದಳ ಸೇರಿತು. ಜಕ್ಕೂರಿನಲ್ಲಿ ಕರ್ನಾಟಕದ ವಾಯುದಳದ ಕೆಡೆಟ್ಟುಗಳಿಗೆ ಹಾರಾಟದ ಮೂಲತತ್ತ್ವ, ದಾರಿ ಹುಡುಕುವ ವಿದ್ಯೆ, ಎಂಜಿನ್ ಮತ್ತು ಹವಾಮಾನ, ಇವೆಲ್ಲದರ ಪಾಠ ನಡೆಯುತ್ತ ಬಂದಿದೆ. ಪಾಠ ಹೇಳುವವರು ವಾಯುಪಡೆಯ ಅಧಿಕಾರಿಗಳು, ಏರ್‌ಮನ್‌ಗಳು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಸೈನ್ಯದ ನಿವೃತ್ತಿ ಬೇಗ ಬರುತ್ತದೆ. ಏರ್‌ಮನ್ ಆಗಿ ಸೇರಿದ ಹುಡುಗ 20 ವರ್ಷದ ಕರಾರು ಮುಗಿಸಿ ಹೊರಬರುವಾಗ ನಲವತ್ತರ ಆಸುಪಾಸಿನಲ್ಲಿರುತ್ತಾನೆ. ಅಂತಹವರಲ್ಲಿ ಹವಾಮಾನ ಸಹಾಯಕರಾಗಿ ದುಡಿದವರೂ ಇರುತ್ತಾರೆ. ಬೆಳಗಿನ ಜಾವ ಉಷ್ಣಮಾಪಕ ನೋಡಿ, ಮೋಡದ ಎತ್ತರ ಅಂದಾಜು ಮಾಡಿ, ನಕ್ಷೆಯ ಮೇಲೆ ಗಾಳಿಯ ಬಾಣ ಬರೆದವರು ಇವರು. ಹೀಗೆ ಹೊರಬಂದವರು ನಮ್ಮಲ್ಲಿ ನಾನಾ ದಾರಿ ಹಿಡಿದಿದ್ದಾರೆ. ಭೂಸೇನೆಯಲ್ಲಿದ್ದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ರೈತರಾಗಿ, ಅನಂತರ ಸೇನಾ ಮಿತ್ರ ಕ್ಯಾಪ್ಟನ್ ಕೆ.ಜೆ. ಸ್ಯಾಮುಯೆಲ್ ಜೊತೆಗೂಡಿ 1997ರಲ್ಲಿ ಜಕ್ಕೂರಿನಿಂದಲೇ ಹೆಲಿಕಾಪ್ಟರ್ ಸೇವೆ ಆರಂಭಿಸಿದ್ದು ಎಲ್ಲರಿಗೂ ತಿಳಿದಿದೆ. ಆದರೆ ಹೆಚ್ಚಿನವರ ಎರಡನೆಯ ವೃತ್ತಿ ಸದ್ದಿಲ್ಲದ್ದು. ಆರ್.ಟಿ. ನಗರದ ಒಂದು ಮಹಡಿಯ ಕೋಣೆ, ಒಂದು ಹಲಗೆ, ಹತ್ತು ಕುರ್ಚಿ. ವಾಣಿಜ್ಯ ವಿಮಾನ ಚಾಲಕನ ಪರವಾನಗಿಗೆ 200 ಗಂಟೆ ಹಾರಾಟವಷ್ಟೇ ಸಾಲದು. ನಿಯಮ, ದಾರಿ, ಯಂತ್ರಗಳ ಜೊತೆಗೆ ಹವಾಮಾನದ ಲಿಖಿತ ಪರೀಕ್ಷೆಯಲ್ಲಿಯೂ ನೂರಕ್ಕೆ 70 ಅಂಕ ಬರಬೇಕು. ನಮ್ಮ ವಿಂಗ್ ಕಮಾಂಡರರೂ ಅಂತಹ ಒಂದು ಕೋಣೆಯಲ್ಲಿ ಸಂಜೆಯ ಪಾಠ ಹೇಳುತ್ತಿದ್ದರು.

ಹಲಗೆಯ ಮೇಲಿನ ಮೋಡ

ಒಂದು ಸಂಜೆ ಆ ಪಾಠವನ್ನು ಕೇಳಲು ನನಗೂ ಅವಕಾಶ ಸಿಕ್ಕಿತು. ವಿಜ್ಞಾನ ಪದವಿ ಪಡೆದ ನನಗೆ ಸೂತ್ರಗಳು ಹೊಸವಲ್ಲ. ಅವುಗಳನ್ನು ಊರಿನ ನೆಲಕ್ಕೆ ಇಳಿಸುವ ರೀತಿ ಹೊಸದಾಗಿತ್ತು.

"ಜಕ್ಕೂರಿನ ಎತ್ತರ ಎಷ್ಟು?" ಎಂದು ಅವರು ಕೇಳಿದರು. ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎಂದು ಹುಡುಗರು ಹೇಳಿದರು. ಲೋಕದ ವಿಮಾನ ವಿದ್ಯೆ ಒಪ್ಪಿಕೊಂಡಿರುವ ಆದರ್ಶ ವಾಯುಮಂಡಲದಲ್ಲಿ ಸಮುದ್ರಮಟ್ಟದ ಉಷ್ಣತೆ 15 ಡಿಗ್ರಿ. ಪ್ರತಿ ಸಾವಿರ ಅಡಿಗೆ ಸುಮಾರು 2 ಡಿಗ್ರಿ ಇಳಿಯುತ್ತದೆ. ಆ ಲೆಕ್ಕದಲ್ಲಿ ಜಕ್ಕೂರಿನಲ್ಲಿ 9 ಡಿಗ್ರಿ ಇರಬೇಕು. ಏಪ್ರಿಲ್ ಮಧ್ಯಾಹ್ನ ಅಲ್ಲಿರುವುದು 34. ಅಂದರೆ 25 ಡಿಗ್ರಿ ಹೆಚ್ಚು. ಹೆಚ್ಚಾದ ಒಂದೊಂದು ಡಿಗ್ರಿಗೂ ವಿಮಾನದ ರೆಕ್ಕೆಗೆ ತಾನು 120 ಅಡಿ ಮೇಲಿದ್ದೇನೆ ಎಂಬ ಭಾವನೆ ಬರುತ್ತದೆ, ಏಕೆಂದರೆ ಕಾದ ಗಾಳಿ ತೆಳು. 25ನ್ನು 120ರಿಂದ ಗುಣಿಸಿದರೆ 3,000. "ಹಾಗಾದರೆ ನಿನ್ನ ವಿಮಾನ ನಿಂತಿರುವುದು ಜಕ್ಕೂರಿನಲ್ಲಲ್ಲ. ಆರು ಸಾವಿರ ಅಡಿಯ ಮೇಲೆ. ನಂದಿಬೆಟ್ಟವನ್ನು ದಾಟಿ ಹೋಗಿದ್ದೀಯೆ, ಮುಳ್ಳಯ್ಯನಗಿರಿಯ ತುದಿ ಹತ್ತಿರವಿದೆ. ತೆಳು ಗಾಳಿಯಲ್ಲಿ ಎಂಜಿನ್ ಏದುತ್ತದೆ, ರೆಕ್ಕೆಗೆ ಹಿಡಿತ ಸಿಗುವುದಿಲ್ಲ. ಬೆಳಗ್ಗೆ ಸಾಕಾಗಿದ್ದ ರನ್‌ವೇ ಮಧ್ಯಾಹ್ನ ಸಾಲುವುದಿಲ್ಲ."

ಮುಂದಿನ ಪ್ರಶ್ನೆ ಮೋಡದ್ದು. ಗಾಳಿಯ ಉಷ್ಣತೆ 34, ಇಬ್ಬನಿ ಬಿಂದು 18 ಇದ್ದರೆ ಮೋಡದ ತಳ ಎಲ್ಲಿರುತ್ತದೆ? ಇಬ್ಬನಿ ಬಿಂದು ಎಂದರೆ ಗಾಳಿಯನ್ನು ಎಷ್ಟು ತಣ್ಣಗಾಗಿಸಿದರೆ ಅದರೊಳಗಿನ ತೇವ ಹನಿಯಾಗುತ್ತದೆ ಎಂಬ ಅಳತೆ. ಎರಡಕ್ಕೂ ಇರುವ ಅಂತರ 16. ಒಂದೊಂದು ಡಿಗ್ರಿಗೆ 400 ಅಡಿಯಂತೆ ಮೋಡದ ತಳ ನೆಲದಿಂದ ಸುಮಾರು 6,400 ಅಡಿ. ಅಲ್ಲಿಂದ ಮೇಲಕ್ಕೆ ಅದು ಎಷ್ಟು ಬೆಳೆಯುತ್ತದೆ ಎಂಬುದೇ ಏಪ್ರಿಲ್, ಮೇ ತಿಂಗಳ ಭಯ. "ಭರಣಿ ಮಳೆ, ಧರಣಿಯೆಲ್ಲ ಬೆಳೆ ಎನ್ನುತ್ತಾರೆ. ರೈತನಿಗೆ ಒಳ್ಳೆಯದು ಚಾಲಕನಿಗೆ ಒಳ್ಳೆಯದಲ್ಲ" ಎಂದು ಅವರು ನಕ್ಕರು. ಬಲಿತ ಗುಡುಗುಮೋಡದಿಂದ ಮಳೆಯೊಡನೆ ತಣ್ಣನೆಯ ಗಾಳಿ ನೆಲಕ್ಕೆ ಬಿದ್ದು ಸುತ್ತಲೂ ಹರಡುತ್ತದೆ. ಇಳಿಯುತ್ತಿರುವ ವಿಮಾನಕ್ಕೆ ಮೊದಲು ಎದುರುಗಾಳಿ, ಮರುಕ್ಷಣ ಹಿಂಗಾಳಿ. ನೆಲದ ಮೇಲಿರುವವರಿಗೆ ಅದು ಮಳೆಗೆ ಮೊದಲು ಬರುವ ತಂಪು, ಮಣ್ಣಿನ ವಾಸನೆ. ಮೇಲಿರುವವನಿಗೆ ಅದು ಕಾಲಕೆಳಗಿನ ನೆಲವೇ ಕುಸಿದ ಹಾಗೆ.

ಪಾಠ ಅರ್ಧ ಕನ್ನಡದಲ್ಲಿ, ಅರ್ಧ ಇಂಗ್ಲಿಷಿನಲ್ಲಿ ನಡೆಯಿತು. ಪರೀಕ್ಷೆ ಇಂಗ್ಲಿಷಿನಲ್ಲಿಯೇ ಇರುತ್ತದೆ. ಆದರೆ ಹಿಂದಿನ ಸಾಲಿನಲ್ಲಿ ಕೂತಿದ್ದ, ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಒಬ್ಬ ಹುಡುಗನ ಮುಖ ಮುಳ್ಳಯ್ಯನಗಿರಿಯ ಹೆಸರು ಬಂದ ಕೂಡಲೇ ಬೆಳಗಿದ್ದನ್ನು ನಾನು ನೋಡಿದೆ. ಅವನಿಗೆ ಅರ್ಥವಾಗದೆ ಇದ್ದದ್ದು ವಿಜ್ಞಾನವಲ್ಲ, ಭಾಷೆ.

ಮಂಜಿನ ಬೆಳಗು

ಬೇಸಿಗೆಯ ಶತ್ರು ಗುಡುಗಾದರೆ ಚಳಿಗಾಲದ ಶತ್ರು ಮಂಜು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಡಿಸೆಂಬರ್, ಜನವರಿ ಬೆಳಗುಗಳಲ್ಲಿ ವಿಮಾನಗಳು ತಡವಾಗುವುದು, ಬೇರೆ ಊರಿಗೆ ತಿರುಗುವುದು ನಗರದ ಸುದ್ದಿಯಾಯಿತು. ಹಿಂಗಾರಿನ ತೇವ ನೆಲದಲ್ಲಿ ಉಳಿದಿರುತ್ತದೆ. ಆಕಾಶ ತಿಳಿಯಾಗಿದ್ದು ಗಾಳಿ ನಿಂತ ರಾತ್ರಿ ನೆಲ ತನ್ನ ಬಿಸಿಯನ್ನು ಆಕಾಶಕ್ಕೆ ಕಳೆದುಕೊಳ್ಳುತ್ತದೆ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ ಹನಿಗಟ್ಟುತ್ತದೆ.

ಕೇಳಲು ಇದು ಸರಳ. ಆದರೆ ಎಲ್.ಎ. ರಾಮದಾಸ್ ಎಂಬ ಭಾರತೀಯ ಹವಾಮಾನ ವಿಜ್ಞಾನಿ 1932ರಲ್ಲಿ ವಿಚಿತ್ರವಾದ ಒಂದು ಅಂಶವನ್ನು ಪ್ರಕಟಿಸಿದ್ದರು. ಅಂತಹ ರಾತ್ರಿಗಳಲ್ಲಿ ಅತಿ ತಣ್ಣನೆಯ ಗಾಳಿ ಇರುವುದು ನೆಲಕ್ಕೆ ಅಂಟಿಕೊಂಡಲ್ಲ, ಅದರಿಂದ ಕೆಲವು ಹತ್ತು ಸೆಂಟಿಮೀಟರ್ ಮೇಲೆ. ಇದನ್ನು ಬಹುಕಾಲ ಹಲವರು ನಂಬಲಿಲ್ಲ, ಅಳತೆಯಲ್ಲಿಯೇ ದೋಷವಿರಬೇಕೆಂದರು. ಬೆಂಗಳೂರಿನವರೇ ಆದ ಪ್ರೊ. ರೊದ್ದಂ ನರಸಿಂಹ ಮತ್ತು ಅವರ ಸಹೋದ್ಯೋಗಿಗಳು 1990ರ ದಶಕದಲ್ಲಿ ಈ ಒಗಟನ್ನು ಸಿದ್ಧಾಂತದಿಂದ ಬಿಡಿಸಲು ಹೊರಟರು. 1989ರಲ್ಲಿ ಸ್ಥಾಪನೆಯಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಇರುವುದು ಇದೇ ಜಕ್ಕೂರಿನಲ್ಲಿ. ಅಲ್ಲಿನ ವಿಜ್ಞಾನಿಗಳು ಈ ಕೆಲಸವನ್ನು ಮುಂದುವರಿಸಿ, ದೇವನಹಳ್ಳಿಯ ನಿಲ್ದಾಣದಲ್ಲಿ ಉಪಕರಣಗಳನ್ನು ನೆಟ್ಟು ಮಂಜನ್ನು ಅಳೆದಿದ್ದಾರೆ. ನೆಲದಿಂದ ಮೊಣಕಾಲೆತ್ತರದ ಗಾಳಿಯ ರಹಸ್ಯಕ್ಕೂ ಮುನ್ನೂರು ಜನ ಕೂತ ವಿಮಾನ ಇಳಿಯುವುದಕ್ಕೂ ಹೀಗೆ ಸಂಬಂಧವಿದೆ.

ಹೆಬ್ಬಾಳದಿಂದ ಯಲಹಂಕದವರೆಗಿನ ರಸ್ತೆಯಲ್ಲಿ ಹೋಗುವವರು ಇದನ್ನೊಮ್ಮೆ ನೆನೆಯಬಹುದು. ಒಂದು ಕಡೆ ವಾಯುಪಡೆಯ ತರಬೇತಿ ಕಮಾಂಡ್. ಇನ್ನೊಂದು ಕಡೆ ರೈತನಿಗಾಗಿ ಹವೆಯನ್ನು ಅಳೆಯುವ ಕೃಷಿ ವಿಶ್ವವಿದ್ಯಾನಿಲಯದ ಹೊಲಗಳು. ಮುಂದೆ ಜಕ್ಕೂರು. ಯಲಹಂಕದ ಅಟ್ಟೂರಿನಲ್ಲಿ ಮಳೆ, ಬರಗಳ ಲೆಕ್ಕ ಇಡುವ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಹುಟ್ಟಿದ್ದು ಇದು. ಆಕಾಶವನ್ನು ಓದುವ ಇಷ್ಟು ಮನೆಗಳು ಒಂದೇ ದಾರಿಯಲ್ಲಿ ಸೇರಿರುವುದು ಅಪರೂಪ.

ಶಿಕ್ಷಕಿಗೆ ಉತ್ತರ

ಈಗ ಪತ್ರ ಬರೆದ ಶಿಕ್ಷಕಿಯವರ ಪ್ರಶ್ನೆಗೆ ಬರೋಣ. ಸೂತ್ರ ಪುಸ್ತಕದಲ್ಲಿದೆ. ಮೋಡದ ಚಿತ್ರವನ್ನು ಉಪಗ್ರಹ ಕಳುಹಿಸುತ್ತದೆ. ನಿವೃತ್ತ ಯೋಧನೇ ಬಂದು ಕಲಿಸಬೇಕಾದದ್ದು ಏನಿದೆ?

ವಿಂಗ್ ಕಮಾಂಡರರನ್ನು ಇದನ್ನೇ ಕೇಳಿದ್ದೆ. ತಮ್ಮ ಶೌರ್ಯದ ಬಗ್ಗೆ ಅವರು ಒಂದು ಮಾತನ್ನೂ ಆಡಲಿಲ್ಲ. ಬದಲಿಗೆ, ಸೇವೆಯಲ್ಲಿದ್ದಾಗ ಗುಡ್ಡಗಾಡಿನ ಒಂದು ತಾಣಕ್ಕೆ ಸಾಮಾನು ಹೊತ್ತು ಹೋಗುತ್ತಿದ್ದಾಗ ಮೋಡ ಮುಚ್ಚಿದ್ದರಿಂದ ಅರ್ಧ ದಾರಿಯಿಂದ ಹಿಂತಿರುಗಿದ್ದನ್ನು ಹೇಳಿದರು. ಕೆಳಗಿನವರು ಆ ಸಾಮಾನಿಗಾಗಿ ಕಾಯುತ್ತಿದ್ದರು. ಹಿಂತಿರುಗಿ ಬಂದ ಮೇಲೆ ಒಂದು ಗಂಟೆಯಲ್ಲಿ ಅಲ್ಲಿ ಮೋಡ ತೆರವಾಯಿತೆಂಬ ಸುದ್ದಿ ಬಂತು. "ಆ ರಾತ್ರಿ ನಿದ್ದೆ ಬರಲಿಲ್ಲ. ಆದರೆ ಬೆಳಗ್ಗೆ ಮತ್ತೆ ಹೋಗಲು ನಾನೂ ಇದ್ದೆ, ವಿಮಾನವೂ ಇತ್ತು, ಸಾಮಾನೂ ಇತ್ತು. ಇದನ್ನು ಪುಸ್ತಕ ಓದಿ ಹೇಳಿದರೆ ಹುಡುಗರು ಬರೆದುಕೊಳ್ಳುತ್ತಾರೆ. ನಾನು ಹೇಳಿದರೆ ನಂಬುತ್ತಾರೆ" ಎಂದರು.

ಬೇಡ ಎನ್ನುವುದನ್ನು ಎಳೆಯನೊಬ್ಬ ಹೇಳಿದರೆ ಪುಕ್ಕಲು ಎನ್ನುತ್ತೇವೆ. ಅವನ ಮೇಲೆ ಒತ್ತಡವಿರುತ್ತದೆ: ಖರ್ಚಾದ ಹಣ, ಕಾದಿರುವ ಪ್ರಯಾಣಿಕರು, ಕ್ಯಾಮೆರಾ ಹಿಡಿದು ನಿಂತ ನಮ್ಮಂಥವರು. ಧೈರ್ಯವನ್ನು ಈಗಾಗಲೇ ತೋರಿಸಿ ಮುಗಿಸಿದವರು ಬೇಡ ಎಂದಾಗ ಮಾತ್ರ ಆ ಪದಕ್ಕೆ ಗೌರವ ಬರುತ್ತದೆ. ಯುದ್ಧದ ವಿದ್ಯೆ ಶಾಂತಿಕಾಲಕ್ಕೆ ಕೊಡುವ ಕಾಣಿಕೆ ಇದು ಎಂದು ನನ್ನ ತಿಳಿವಳಿಕೆ. ಫಿಟ್ಜ್‌ರಾಯ್ ಬದುಕಿದ್ದಾಗ ಆ ಗೌರವ ಅವನಿಗೆ ಸಿಗಲಿಲ್ಲ. ಅವನಿಲ್ಲದಾಗ ಕಡಲಿನ ಜನ ಅದನ್ನು ಕೇಳಿ ಪಡೆದರು.

ಅಂದು ಹಾರದೆ ಉಳಿದ ವಿದ್ಯಾರ್ಥಿಯ ದೃಶ್ಯವನ್ನು ನಾವು ಮತ್ತೊಂದು ದಿನ, ಬೆಳಗಿನ ತಂಪಿನಲ್ಲಿ ಚಿತ್ರೀಕರಿಸಿದೆವು. ಪ್ರಸಾರವಾದ ಕಂತಿನಲ್ಲಿ ಅದು 40 ಸೆಕೆಂಡು ಬಂದಿದೆ. ಮೊದಲ ದಿನ ತೆಗೆದದ್ದು ಒಂದೇ ಒಂದು ತುಣುಕು: ಗಾಳಿಚೀಲ, ಅದರ ಹಿಂದೆ ಉಬ್ಬುತ್ತಿರುವ ಮೋಡ, ಕೈ ಅಡ್ಡ ಹಿಡಿದು ನೋಡುತ್ತಿರುವ ಹಿರಿಯರ ಬೆನ್ನು. ಸಂಕಲನದಲ್ಲಿ ನಾನೇ ಅದನ್ನು ತೆಗೆದುಹಾಕಿದ್ದೆ, ಅದರಲ್ಲಿ ಏನೂ ನಡೆಯುವುದಿಲ್ಲ ಎಂದು. ಕಂತು ಮರುಪ್ರಸಾರವಾಗುವಾಗ ಅದನ್ನು ಸೇರಿಸಲು ಹೇಳಿದ್ದೇನೆ. ಶಿಕ್ಷಕಿಯವರು ತಮ್ಮ ಮಕ್ಕಳಿಗೆ ಆ ಭಾಗವನ್ನು ತಪ್ಪದೆ ತೋರಿಸಬೇಕೆಂದು ಕೋರುತ್ತೇನೆ.